ಬಸ್ಸಿಗೆ ಹತ್ತಿರದ ಮನೆ

ಮಗಳು ಪುತ್ತೂರಿನ ಕಾಲೇಜಿಗೆ ಸೇರಿದ ವರ್ಷ ನಾವಿಬ್ಬರೂ ಬೆಳಿಗ್ಗೆ ಒಟ್ಟಿಗೇ ಮನೆಯಿಂದ ಹೊರಟು, ರಸ್ತೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಗಂಡನ ಮನೆ ಕಡಬದಿಂದ ಸ್ವಲ್ಪ ಒಳಗೆ. ನನ್ನ ಕೆಲಸ ಸುಳ್ಯದಲ್ಲಿ, ಅವಳ ಕಾಲೇಜು ಪುತ್ತೂರಿನಲ್ಲಿ. ಯಾವ ಊರಿನಲ್ಲಿ ಮನೆ ಇದ್ದರೂ ಉಳಿದೆರಡು ಊರು ದೂರವೇ.

ನಾನು ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವಳು. ಈ ಕೆಲಸದಲ್ಲಿ ಬೆಳಗಿನ ಹೊತ್ತೇ ಮುಖ್ಯ. ಶುಗರ್ ನೋಡಿಸುವವರು ರಾತ್ರಿಯ ಊಟದ ನಂತರ ಏನೂ ತಿನ್ನದೆ ಬಂದಿರುತ್ತಾರೆ. ಎಂಟೂವರೆಗೆ ನಾನು ಬಾಗಿಲು ತೆಗೆಯುವಾಗ ಜಗಲಿಯಲ್ಲಿ ಏಳೆಂಟು ಜನ ಹಸಿದು ಕೂತಿರುತ್ತಿದ್ದರು. ನನ್ನ ಬಸ್ಸು ತಡವಾದರೆ ಅವರ ಚಾಯವೂ ತಡ. ಪಂಜದ ದಾರಿಯಲ್ಲಿ ಬರುವ ಬಸ್ಸು ಮಾಮೂಲು ದಿನಗಳಲ್ಲಿ ಹೇಗೋ ಬರುತ್ತಿತ್ತು. ಸುಬ್ರಹ್ಮಣ್ಯಕ್ಕೆ ಜನ ಹೆಚ್ಚು ಹೋಗುವ ದಿನ ಮಾತ್ರ ತುಂಬಿಕೊಂಡು ನಿಲ್ಲಿಸದೆ ಹೋಗುತ್ತಿತ್ತು. ಆಗ ಜಗಲಿಯಲ್ಲಿ ತಲೆ ಸುತ್ತಿ ಕೂತಿರುವ ಅಜ್ಜಿಯರ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಮಗಳದ್ದು ಇನ್ನೂ ಕಷ್ಟ. ಒಂದೂವರೆ ಗಂಟೆ ನಿಂತೇ ಪ್ರಯಾಣ. ಒಂದು ದಿನ ನರಿಮೊಗರು ಹತ್ತಿರ ಬಸ್ಸಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಯಾರೋ ಹೆಂಗಸರು ಇಳಿಸಿ, ಅಂಗಡಿಯ ಬೆಂಚಿನಲ್ಲಿ ಮಲಗಿಸಿ, ಅವಳ ಫೋನಿನಿಂದಲೇ ನನಗೆ ಕರೆ ಮಾಡಿದರು. ನಾನು ಆಗ ಒಬ್ಬರ ತೋಳಿನಲ್ಲಿ ಸೂಜಿ ಚುಚ್ಚಿದ್ದೆ. ಫೋನು ಮೇಜಿನ ಮೇಲೆ ಗುಂಯ್‌ಗುಡುತ್ತಲೇ ಇತ್ತು. ಸಿರಿಂಜು ತುಂಬುವವರೆಗೆ ಅದನ್ನು ಎತ್ತಲಿಲ್ಲ.

ಆ ಸಂಜೆಯೇ ನಾನು ತೀರ್ಮಾನಿಸಿದೆ. ಇಬ್ಬರಲ್ಲಿ ಒಬ್ಬರು ಬಸ್ಸಿನಲ್ಲಿ ಸಾಯಬೇಕಾದರೆ ಅದು ನಾನೇ ಆಗಲಿ. ಪುತ್ತೂರಿನಲ್ಲಿ ಬಾಡಿಗೆಗೆ ಮನೆ ಮಾಡುವುದು. ಅವಳು ನಡೆದು ಕಾಲೇಜಿಗೆ ಹೋಗಲಿ, ನಾನು ಒಂದೇ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗುತ್ತೇನೆ.

ನನ್ನ ಗಂಡ ಸೌದಿಯಲ್ಲಿ ಇರುವುದು. ಫೋನಿನಲ್ಲಿ ಕೇಳಿದೆ. ಅವರು, "ಅಣ್ಣನ ಹತ್ರ ಒಂದು ಮಾತು ಕೇಳು" ಎಂದರು. ಅವರ ಅಣ್ಣ, ಎಂದರೆ ನನ್ನ ಭಾವ, ಮನೆಯ ಹಿರಿಯರು. ಅವರು ಬೇಡ ಎನ್ನಲಿಲ್ಲ. "ಮನೆ ನಾನು ನೋಡಿ ಕೊಡ್ತೇನೆ. ನಮ್ಮವರು ಇರುವಲ್ಲಿ ನೋಡುವ" ಎಂದರು. ನಾನು, "ಮೊದಲು ನಾನೇ ನೋಡ್ತೇನೆ ಭಾವ. ಬಸ್ಸಿಗೆ ಹತ್ರ ಬೇಕು" ಎಂದೆ.

ಎರಡು ಭಾನುವಾರ ನಾನೂ ಮಗಳೂ ಪುತ್ತೂರಿನಲ್ಲಿ ನಡೆದೆವು. ಸುಳ್ಯಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿಂದ ಒಳದಾರಿಗಳು ಎಲ್ಲಿಗೆ ಹೋಗುತ್ತವೆ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಯಾವುದು, ಬೆಳಿಗ್ಗೆ ಬೇಗ ಯಾವ ದಾರಿಯಲ್ಲಿ ಜನ ಓಡಾಡುತ್ತಾರೆ, ನಾಯಿಗಳು ಎಷ್ಟು, ಎಲ್ಲ ನೋಡಿದೆವು. ಮಗಳು ಗಡಿಯಾರ ಹಿಡಿದು ನಡೆಯುತ್ತಿದ್ದಳು. "ಇಲ್ಲಿಂದ ಕಾಲೇಜಿಗೆ ಹನ್ನೆರಡು ನಿಮಿಷ ಉಮ್ಮ. ನಿಂಗೆ ಸ್ಟಾಪಿಗೆ ಆರು" ಎಂದು ಒಂದು ಕಡೆ ನಿಂತು ಖುಷಿಯಲ್ಲಿ ಕೂಗಿದ್ದು ನನಗೆ ಈಗಲೂ ಕೇಳುತ್ತದೆ. ಅಲ್ಲೇ ಒಂದು ಗೇಟಿನಲ್ಲಿ ಬಾಡಿಗೆಗೆ ಮನೆ ಇದೆ ಎಂದು ರಟ್ಟಿನಲ್ಲಿ ಬರೆದು ಕಟ್ಟಿದ್ದರು. ಮನೆಯವರು ಇರಲಿಲ್ಲ. ನಂಬರು ಬರೆದುಕೊಂಡು ಬಂದೆವು.

ಫೋನು ಎತ್ತಿದ್ದು ಒಬ್ಬರು ಟೀಚರು. ಕೆಳಗಡೆ ಅವರು ಗಂಡ ಹೆಂಡತಿ, ಮಹಡಿ ಬಾಡಿಗೆಗೆ. ಅವರೂ ದಿನಾ ಸುಳ್ಯದ ಒಂದು ಶಾಲೆಗೆ ಹೋಗುವವರಂತೆ.

"ನೀವು ಲ್ಯಾಬಿನಲ್ಲಿಯಾ? ಅಯ್ಯೋ, ಒಳ್ಳೆದಾಯ್ತು ಮಾರಾಯ್ರೆ. ನನಗೂ ಶುಗರ್ ಉಂಟು, ಇವರಿಗೂ ಉಂಟು. ಏಳೂಕಾಲಿನ ಬಸ್ಸು ನಮ್ಮ ಸ್ಟಾಪಿನಲ್ಲಿ ಖಾಲಿಯೇ ಇರ್ತದೆ. ಒಟ್ಟಿಗೆ ಹೋಗಬಹುದು, ನಂಗೂ ಒಂದು ಜೊತೆ ಆಗ್ತದೆ."

ಹತ್ತು ನಿಮಿಷ ಮಾತಾಡಿದೆವು. ಹೆಸರು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ, ಮಾತು ಆ ಕಡೆ ಹೋಗಲೇ ಇಲ್ಲ. ನನ್ನ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ. ಅದರಲ್ಲಿ ನನ್ನ ಮನೆಮಾತಿನ ವಾಸನೆ ಇಲ್ಲ ಎಂದು ಹಿಂದೆ ಎಷ್ಟೋ ಜನ ಹೊಗಳಿದ್ದುಂಟು. ಆ ಹೊಗಳಿಕೆಯ ಅರ್ಥ ಏನೆಂದು ಮರುದಿನ ಗೊತ್ತಾಯಿತು.

ಮರುದಿನ ಕೆಲಸ ಮುಗಿಸಿ ಬರುತ್ತಾ ನಾನು ಬುರ್ಖಾದಲ್ಲಿಯೇ ಅವರ ಗೇಟು ತೆಗೆದೆ. ಮಗಳು ಕಾಲೇಜಿನಿಂದ ನೇರ ಅಲ್ಲಿಗೆ ಬಂದಿದ್ದಳು. ಟೀಚರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು. ನನ್ನನ್ನು ನೋಡಿದ ಮೇಲೂ ಆ ನಗು ಹೋಗಲಿಲ್ಲ, ಇದ್ದಲ್ಲೇ ನಿಂತಿತು ಅಷ್ಟೆ. "ಬನ್ನಿ, ಬನ್ನಿ" ಎಂದರು. ಪುನರ್ಪುಳಿ ಶರಬತ್ತು ಕೊಟ್ಟರು. ಮಹಡಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಎರಡು ಕೋಣೆ, ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಮುಖ್ಯರಸ್ತೆ. ಬಸ್ಸು ಬರುವುದು ಕಿಟಕಿಯಿಂದಲೇ ಕಾಣುತ್ತದೆ, ಕಂಡ ಮೇಲೆ ಹೊರಟರೂ ಸಿಗುತ್ತದೆ ಎಂದು ಅವರೇ ಹೇಳಿದರು. ಬಟ್ಟೆ ಒಣಗಿಸುವ ತಂತಿ ಎಲ್ಲಿ ಕಟ್ಟಬಹುದು ಎಂದು ಕೂಡ ತೋರಿಸಿದರು. ಮಗಳು ಒಂದು ಕೋಣೆಯ ಮೂಲೆ ನೋಡಿ, "ಇಲ್ಲಿ ನನ್ನ ಟೇಬಲ್" ಎಂದಳು.

ಇಳಿಯುವಾಗ ಟೀಚರು, "ಇವರ ಹತ್ರ ಒಂದು ಮಾತು ಕೇಳಿ ಹೇಳ್ತೇನೆ ಆಯ್ತಾ?" ಎಂದರು.

ರಾತ್ರಿ ಫೋನು ಬಂತು. "ನಮ್ಮ ನೆಂಟರೊಬ್ಬರಿಗೆ ಮನೆ ಬೇಕಂತೆ. ಅವರು ಮೊದಲೇ ಹೇಳಿದ್ದರಂತೆ ಇವರ ಹತ್ರ, ನನಗೆ ಗೊತ್ತೇ ಇರ್ಲಿಲ್ಲ. ಬೇಜಾರು ಮಾಡ್ಬೇಡಿ."

"ತೊಂದರೆ ಇಲ್ಲ ಟೀಚರ್" ಎಂದೆ.

ಆಮೇಲಿನ ವಾರಗಳಲ್ಲಿ ಇನ್ನೂ ಕೆಲವು ಮನೆ ನೋಡಿದೆವು. ಒಂದು ಕಡೆ ಸಸ್ಯಾಹಾರಿಗಳಿಗೆ ಮಾತ್ರ ಎಂದರು. ಒಂದು ಕಡೆ ಗಂಡಸರು ಮನೆಯಲ್ಲಿ ಇಲ್ಲದಿದ್ದರೆ ಕೊಡುವುದಿಲ್ಲ ಎಂದರು. ಒಂದು ಕಡೆ ಬೀಗದ ಕೈ ಸಿಗುತ್ತಿಲ್ಲ ಎಂದರು, ಎರಡನೇ ಸಲ ಹೋದಾಗಲೂ ಸಿಕ್ಕಿರಲಿಲ್ಲ. ಒಬ್ಬರು ಮುದುಕರು ಮಾತ್ರ ವರಾಂಡದಲ್ಲೇ ಕೂತು, "ನಿಮ್ಮವರಿಗೆ ಕೊಡುದಿಲ್ಲಮ್ಮ" ಎಂದು ನೇರ ಹೇಳಿದರು. ಅವರ ಮನೆಯ ಮೆಟ್ಟಿಲು ಇಳಿಯುವಾಗ ನನಗೆ ಹೆಚ್ಚು ನೋವಾಗಲಿಲ್ಲ. ಅವರು ನಮಗೆ ಶರಬತ್ತು ಕೊಟ್ಟಿರಲಿಲ್ಲ, ಮಗಳ ಟೇಬಲ್ಲಿಗೆ ಜಾಗ ತೋರಿಸಿರಲಿಲ್ಲ.

ಕೊನೆಗೆ ಭಾವ ಹೇಳಿದ ಮನೆಗೇ ಹೋದೆವು. ಪೇಟೆಯಿಂದ ಸುಳ್ಯದ ಕಡೆ ನಾಲ್ಕು ಕಿಲೋಮೀಟರು, ಮುಖ್ಯರಸ್ತೆಯಿಂದ ಒಳಗೆ ಮತ್ತೆ ಒಂದೂವರೆ. ಕೊನೆಯ ಭಾಗ ಕೆಮ್ಮಣ್ಣಿನ ಕಡಿದಾದ ಇಳಿಜಾರು. ಸುತ್ತ ಎಲ್ಲ ನಮ್ಮವರದ್ದೇ ಮನೆಗಳು, ಕೆಲವು ಗಲ್ಫಿನವರ ದೊಡ್ಡ ಮನೆಗಳು. "ಇಲ್ಲಿ ನಿಂಗೆ ಹೆದರಿಕೆ ಇಲ್ಲ" ಎಂದರು ಭಾವ. ನನಗೆ ಹೆದರಿಕೆ ಮೊದಲೂ ಇರಲಿಲ್ಲ, ಬಸ್ಸು ಬೇಕಿತ್ತು. ಯಾರಿಗಾಗಿ ಊರು ಬಿಟ್ಟು ಬಂದೆನೋ ಆ ಮಗಳು ಮತ್ತೆ ಬಸ್ಸು ಹತ್ತುವವಳಾದಳು, ಅದೂ ರಸ್ತೆಯವರೆಗೆ ನಡೆದು.

ಬೆಳಗಿನ ಆರೂಮುಕ್ಕಾಲಿಗೆ ಆ ಇಳಿಜಾರಿಗೆ ಆಟೋ ಬರುವುದಿಲ್ಲ. ಒಂದು ತಿಂಗಳು ನಡೆದು ನೋಡಿದೆ. ಮತ್ತೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಸ್ಕೂಟಿ ಕಲಿತೆ. ಕಲಿಸಿದ್ದು ಮಗಳೇ. ಅವಳು ಅದನ್ನು ಗೆಳತಿಯ ಗಾಡಿಯಲ್ಲಿ ನನಗಿಂತ ಮೊದಲೇ ಕಲಿತಿದ್ದಳು. ಶಾಲೆಯ ಮೈದಾನದಲ್ಲಿ ನಾನು ಹ್ಯಾಂಡಲ್ ಗಟ್ಟಿ ಹಿಡಿದು ಕೂಗುತ್ತಿದ್ದರೆ ಅವಳು ಹಿಂದಿನಿಂದ ಓಡಿಬಂದು ನಗುತ್ತಿದ್ದಳು. ಈ ಮನೆಗೆ ಬಂದ ಮೇಲೆ ನಾವಿಬ್ಬರೂ ಮನಸ್ಸು ಬಿಚ್ಚಿ ನಕ್ಕದ್ದು ಅಲ್ಲೇ ಇರಬೇಕು.

ಸ್ಕೂಟಿ ಮುಖ್ಯರಸ್ತೆಯವರೆಗೆ ಮಾತ್ರ. ಅಲ್ಲಿ ಒಬ್ಬ ಟೈಲರನ ಅಂಗಡಿಯ ಪಕ್ಕ ನಿಲ್ಲಿಸಿ ಬಸ್ಸು ಹತ್ತುವುದು. ಅಷ್ಟಕ್ಕೇ ಎರಡು ವಾರದಲ್ಲಿ ಸೌದಿಗೆ ಸುದ್ದಿ ಮುಟ್ಟಿತು.

"ನೀನು ಬೆಳಿಗ್ಗೆ ಬೆಳಿಗ್ಗೆ ಗಾಡಿ ಬಿಡ್ತೀಯಂತೆ. ಜನ ಮಾತಾಡ್ತಾರೆ" ಎಂದರು ಗಂಡ.

"ಯಾವ ಜನ?"

"ಅಣ್ಣನಿಗೆ ಯಾರೋ ಹೇಳಿದ್ದಂತೆ. ಗಂಡ ಊರಲ್ಲಿ ಇಲ್ಲ, ಇವಳು ಹೀಗೆ ತಿರುಗ್ತಾಳೆ ಅಂತ."

"ತಿರುಗುದಲ್ಲ, ಕೆಲಸಕ್ಕೆ ಹೋಗುದು. ಮಾತಾಡುವ ಜನಕ್ಕೆ ಹೇಳಿ, ನಾಳೆಯಿಂದ ನನ್ನನ್ನು ಅವರ ಕಾರಿನಲ್ಲಿ ರಸ್ತೆಯವರೆಗೆ ಬಿಡ್ಲಿಕ್ಕೆ. ಆರೂಮುಕ್ಕಾಲಿಗೆ ರೆಡಿ ಇರ್ತೇನೆ."

ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಇಳಿಜಾರಿನ ಎರಡೂ ಬದಿಯ ಜಗಲಿಗಳಿಂದ ಯಾರೂ ನನ್ನನ್ನು ನೋಡಿ ನಗುತ್ತಿರಲಿಲ್ಲ. ನಮ್ಮವರ ನಡುವೆ ಇರುವುದು ಎಂದರೆ ಹೀಗೆ. ಬೇರೆಯವರು ಮನೆ ಕೊಡಲಿಲ್ಲ, ನಮ್ಮವರು ಮನೆ ಕೊಟ್ಟು ದಾರಿಗೆ ಕಾವಲು ಕೂತರು.

ಆ ಮನೆಗೆ ಬಂದ ಮೊದಲ ದಿನವೇ ಬಸ್ಸಿನಲ್ಲಿ ಟೀಚರು ಸಿಕ್ಕಿದ್ದರು. ನನ್ನ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ನಾನು ಹತ್ತಿ ಕಂಬಿ ಹಿಡಿದು ನಿಂತಾಗ ಮೂರನೇ ಸೀಟಿನಿಂದ ಒಂದು ಸ್ವರ ಬಂತು.

"ಓ, ನೀವಾ? ಮನೆ ಸಿಕ್ಕಿತಾ?"

ಕಳೆದ ವಾರ ಮದುವೆಯಲ್ಲಿ ಸಿಕ್ಕಿದವರಂತೆ ಕೇಳಿದರು. ಅವರ ಮುಖದಲ್ಲಿ ಮುಜುಗರ ಇಲ್ಲವೇ ಇಲ್ಲ. ಕಿಟಕಿಗೆ ಒತ್ತಿ ಕೂತು, ಮಡಿಲಿಗೆ ಬ್ಯಾಗು ಎತ್ತಿಕೊಂಡು, ಮೂರನೆಯವಳಾಗಿ ನನಗೆ ಜಾಗ ಮಾಡಿದರು. ನಾನು ಕೂರಬಾರದಿತ್ತು. ಒಂದು ಗಂಟೆಯ ದಾರಿ, ಮುಂದೆ ಇಡೀ ದಿನ ನಿಂತೇ ಕೆಲಸ. ಕೂತೆ.

ಮರುದಿನದಿಂದ ಅವರು ಪಕ್ಕದಲ್ಲಿ ಬ್ಯಾಗು ಇಟ್ಟು ನನಗೆ ಸೀಟು ಹಿಡಿಯತೊಡಗಿದರು. ಯಾರಾದರೂ ಕೇಳಿದರೆ, "ಜನ ಉಂಟು, ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ" ಎಂದು ಜಗಳಕ್ಕೇ ನಿಲ್ಲುತ್ತಿದ್ದರಂತೆ. ಕಂಡಕ್ಟರನೇ ಹೇಳಿದ್ದು.

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳ್ಳೆಯ ಮಾತುಗಾರ್ತಿ. ಶಾಲೆಯ ಹೆಡ್‌ಮಾಸ್ಟರರ ಅನುಕರಣೆ ಮಾಡಿ ನಗಿಸುತ್ತಿದ್ದರು. ಬೆಂಗಳೂರಿನಲ್ಲಿರುವ ಸೊಸೆ ಫೋನು ಮಾಡುವುದಿಲ್ಲ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೋಮವಾರವಾದರೆ ಭಾನುವಾರದ ಮೀನಿನ ಕಥೆ: ಬಂಗುಡೆ ಎಷ್ಟು ದೊಡ್ಡದಿತ್ತು, ಅಂಜಲ್ ಮೀನಿಗೆ ಎಷ್ಟು ರೇಟು ಹೇಳಿದರು. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ನನ್ನ ಜೊತೆ ಇಳಿದು ಲ್ಯಾಬಿಗೆ ಬಂದು ತೋಳು ಚಾಚುತ್ತಿದ್ದರು. "ನಿನ್ನ ಕೈಯಲ್ಲಿ ಚುಚ್ಚಿದ್ದು ಗೊತ್ತೇ ಆಗುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಹೌದು, ಅಷ್ಟರಲ್ಲಿ ನಾನು ಅವರಿಗೆ ‘ನೀನು’ ಆಗಿದ್ದೆ. ಯಾವತ್ತಿನಿಂದ ಎಂದು ನೆನಪಿಲ್ಲ. ಹತ್ತು ವರ್ಷ ಹಿರಿಯರು, ಆ ನೀನು ಎಂಬುದು ನನಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅದೇ ಈಗ ಹೆಚ್ಚು ಕಹಿ.

ನಾನು ಕೆಲವೊಮ್ಮೆ ಮನೆಯಿಂದ ಪತ್ತಿರ್ ಒಯ್ಯುತ್ತಿದ್ದೆ, ನಮ್ಮ ಅಕ್ಕಿಯ ರೊಟ್ಟಿ. ಕುಂಬ್ರ ದಾಟುವಷ್ಟರಲ್ಲಿ ಡಬ್ಬಿ ಖಾಲಿ. "ಇದನ್ನು ಹೇಗೆ ಮಾಡುದು? ನಾನು ಮಾಡಿದ್ರೆ ಹರಿದೇ ಹೋಗ್ತದೆ" ಎಂದು ಕೇಳುತ್ತಿದ್ದರು. ನಾನು ವಿವರಿಸುತ್ತಿದ್ದೆ.

ಮಹಡಿಯ ಮನೆಗೆ ನೆಂಟರು ಯಾರೂ ಬಂದಿರಲಿಲ್ಲ. ಅದು ನನಗೆ ಮಾತಿನ ನಡುವೆ ತಾನಾಗಿ ಗೊತ್ತಾಯಿತು. ಮೂರು ತಿಂಗಳು ಖಾಲಿ ಇತ್ತಂತೆ. ಮತ್ತೆ ಬ್ಯಾಂಕಿನವರೊಬ್ಬರು ಬಂದರಂತೆ, ಅವರಿಗೆ ನೀರು ಎಷ್ಟು ಇದ್ದರೂ ಸಾಲದಂತೆ, ಮಕ್ಕಳು ಮೇಲೆ ಕುಣಿದರೆ ಕೆಳಗೆ ನಿದ್ದೆ ಇಲ್ಲವಂತೆ. ಇದನ್ನೆಲ್ಲ ಅವರು ನನ್ನ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. "ಒಳ್ಳೆ ಜನ ಸಿಕ್ಕುದೇ ಕಷ್ಟ" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಾನು, "ಹೌದು ಟೀಚರ್" ಎನ್ನುತ್ತಿದ್ದೆ. ಮರೆತಿದ್ದಾರೋ, ಅಥವಾ ಅದು ನೆನಪಿಡಬೇಕಾದ ಸಂಗತಿ ಎಂದೇ ಅವರಿಗೆ ಹೊಳೆದಿಲ್ಲವೋ ಎಂದು ಯೋಚಿಸುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದೆ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಕೇಳಿದರೆ ಮರುದಿನ ಆ ಸೀಟಿನಲ್ಲಿ ಬ್ಯಾಗು ಇರುವುದಿಲ್ಲ ಎಂದು ಸುಮ್ಮನಾದೆ. ಒಂದು ಸೀಟಿಗಾಗಿ ನುಂಗಿದೆ. ಬೇರೆ ದೊಡ್ಡ ಕಾರಣ ಏನೂ ಇರಲಿಲ್ಲ.

ಮಗಳಿಗೆ ಇದು ಗೊತ್ತಿತ್ತು. ಅವಳು ಒಂದೇ ಸಲ ಕೇಳಿದ್ದು. "ಅವರ ಜೊತೆ ಎಂತ ಮಾತಾಡ್ತೀ ಉಮ್ಮ ಇಡೀ ದಾರಿ?"

"ಎಂತೆಂತದೋ. ಒಳ್ಳೆಯವರು ಅವರು."

ಅವಳು ಪುಸ್ತಕದ ಹಾಳೆ ತಿರುಗಿಸಿದಳು.

ಎರಡನೇ ಮಳೆಗಾಲದಲ್ಲಿ ನಾನು ಬಿದ್ದೆ. ಆ ಇಳಿಜಾರು ಮಳೆ ಹಿಡಿದ ಮೇಲೆ ರಸ್ತೆಯಲ್ಲ, ನೀರು ಹರಿಯುವ ತೋಡು. ಹಿಂದಿನ ವರ್ಷ ಜಾಗ್ರತೆಯಲ್ಲಿ ಕಾಲು ಊರಿ ಊರಿ ಹತ್ತಿಸಿದ್ದೆ. ಅಂದು ಹೊರಡುವಾಗಲೇ ಹತ್ತು ನಿಮಿಷ ತಡ. ಲ್ಯಾಬಿನ ಮುಂದೆ ಕೂತವರ ನೆನಪಿನಲ್ಲಿ ಏರಿಗೆ ವೇಗ ಜಾಸ್ತಿ ಕೊಟ್ಟೆ. ಗಾಡಿ ಅಡ್ಡ ಜಾರಿತು, ನಾನು ಬಲಗೈ ಊರಿದೆ. ಮಣಿಕಟ್ಟಿನಲ್ಲಿ ಟಕ್ ಎಂದು ಸದ್ದು ನನಗೇ ಕೇಳಿಸಿತು. ಹೊಳೆಯಂತೆ ಇಳಿಯುವ ಕೆಂಪು ನೀರಿನಲ್ಲಿ ಕೂತಿದ್ದಾಗ ಒಂದು ಜಗಲಿಯಿಂದ ಹೆಂಗಸೊಬ್ಬಳು, "ಗಾಡಿ ಬೇಡ ಅಂತ ಹೇಳಿದ್ದಲ್ವಾ?" ಎಂದಳು. ಹೇಳಿಯೇ ಓಡಿಬಂದು ಎತ್ತಿದಳು ಕೂಡ. ಎರಡನ್ನೂ ಬರೆಯಬೇಕು.

ಮಣಿಕಟ್ಟಿಗೆ ಪ್ಲಾಸ್ಟರು ಹಾಕಿದರು. ಬಲಗೈಯಿಲ್ಲದೆ ರಕ್ತ ತೆಗೆಯುವುದಾದರೂ ಹೇಗೆ? ಲ್ಯಾಬಿನಲ್ಲಿ ಬೆಳಗಿನ ಕೆಲಸಕ್ಕೆ ಬೇರೆ ಹುಡುಗಿಯನ್ನು ಹಾಕಿಕೊಂಡರು. "ವಾಸಿಯಾಗಿ ಬನ್ನಿ, ಮಧ್ಯಾಹ್ನದ್ದು ನೋಡುವ" ಎಂದರು. ಹದಿನಾರು ವರ್ಷ ಬೆಳಿಗ್ಗೆ ಬಾಗಿಲು ತೆಗೆದವಳಿಗೆ ಅಷ್ಟೇ ಮಾತು.

ಹತ್ತನೇ ದಿನ ಟೀಚರು ನೋಡಲು ಬಂದರು. ರಜೆಯ ದಿನ, ಮಳೆ ನಿಂತಿತ್ತು. ಆಟೋದವನು ಮೇಲೆಯೇ ಇಳಿಸಿ ಹೋದನಂತೆ. ಸೀರೆ ಎತ್ತಿ ಹಿಡಿದು, ಬದಿಯ ಗೋಡೆ ಹಿಡಿದುಕೊಂಡು ಇಳಿದು ಬಂದರು. ಕೈಯಲ್ಲಿ ಸೇಬು, ಒಂದು ಡಬ್ಬಿಯಲ್ಲಿ ಎಲೆ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ. ಒಳಗೆ ಬಂದು ಕೂತು ಉಸಿರು ಬಿಡುತ್ತಾ ನನ್ನ ಪ್ಲಾಸ್ಟರಿನ ಕೈ ತಮ್ಮ ಮಡಿಲಿಗೆ ತೆಗೆದುಕೊಂಡರು. ಅವರ ಕಣ್ಣಿನಲ್ಲಿ ನಿಜವಾಗಿ ನೀರು ಇತ್ತು.

"ಎಂತ ಜಾಗ ಮಾರಾಯ್ತಿ ಇದು! ನಂಗೇ ಇಳಿಲಿಕ್ಕೆ ಜೀವ ಹೋಯ್ತು. ನಿಂಗೆ ಇಲ್ಲಿ ಯಾಕೆ ಮನೆ ಮಾಡ್ಬೇಕಿತ್ತು? ಪೇಟೆಯಲ್ಲಿ, ಬಸ್ಸಿಗೆ ಹತ್ರ ಎಲ್ಲಿಯಾದ್ರೂ ನೋಡಬಾರದಿತ್ತಾ?"

ಮಗಳು ಚಾಯ ತಂದಿದ್ದಳು. ತಟ್ಟೆ ಸ್ಟೂಲಿನ ಮೇಲೆ ಇಟ್ಟಳು.

"ನಿಮ್ಮ ಮನೆ ನೋಡಿದ್ದೆವಲ್ಲ ಟೀಚರ್" ಎಂದಳು.

ಸ್ವರದಲ್ಲಿ ಸಿಟ್ಟು ಇರಲಿಲ್ಲ, ಮರೆತದ್ದನ್ನು ನೆನಪಿಸಿದ ಹಾಗೆ ಹೇಳಿದಳು. ಟೀಚರ ಕೈ ನನ್ನ ಪ್ಲಾಸ್ಟರಿನ ಮೇಲೆಯೇ ಇತ್ತು. ಅವರ ಕತ್ತು ಕೆಂಪಾಗುವುದನ್ನು ನಾನು ನೋಡಿದೆ.

"ಅದು... ನಮ್ಮ ನೆಂಟರಿಗೆ..." ಎಂದರು.

"ನೆಂಟರು ಬರ್ಲೇ ಇಲ್ವಂತೆ. ಮೂರು ತಿಂಗಳು ಖಾಲಿ ಇತ್ತಂತೆ. ಉಮ್ಮ ಹೇಳಿದ್ದು."

"ನೀನು ಒಳಗೆ ಹೋಗು" ಎಂದೆ ನಾನು. ಅವಳು ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

ಟೀಚರು ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಿಗೇ ಇಟ್ಟರು. "ನೋಡಿ, ನನಗೆ ವೈಯಕ್ತಿಕವಾಗಿ ಎಂತದೂ ಇಲ್ಲ. ನಿಮಗೆ ಗೊತ್ತುಂಟಲ್ಲ ನಾನು ಹೇಗೆ ಅಂತ. ನೆರೆಕರೆಯವರು ಒಂದು ಮಾತು ಹೇಳ್ತಾರೆ, ಇವರು ಕೂಡ ಬೇಡ ಅಂದ್ರು. ಈಗಿನ ಕಾಲ ಹೇಗೆ ಉಂಟು ಅಂತ ನಿಮಗೂ ಗೊತ್ತುಂಟಲ್ಲ. ನಿಮ್ಮ ಒಳ್ಳೆದಕ್ಕೇ ಅಂತ ಗ್ರಹಿಸಿದೆ. ಇಲ್ಲಿ ನಿಮ್ಮವರ ಮಧ್ಯೆ ನಿಮಗೆ..."

ಕಿಟಕಿಯ ಹೊರಗೆ ನೋಡಿದರು. ಅಲ್ಲಿಂದ ಕಾಣುವುದು ಆ ಇಳಿಜಾರು ಮಾತ್ರ. ನಾನು ಅವರ ವಾದವನ್ನು ಕೇಳುತ್ತಲೇ ಇರಲಿಲ್ಲ. ಒಂದೂವರೆ ವರ್ಷದ ಮೇಲೆ ಮತ್ತೆ ನಾನು ‘ನೀವು’ ಆದದ್ದನ್ನು ಕೇಳುತ್ತಿದ್ದೆ.

"ಚಾಯ ತಣೀತದೆ ಟೀಚರ್, ಕುಡೀರಿ" ಎಂದೆ.

ಅವರು ಅರ್ಧ ಕುಡಿದರು. ಹೊರಡುವಾಗ ಚಪ್ಪಲಿ ಹಾಕುತ್ತಾ, "ಮಗಳು ಮಾತಿನಲ್ಲಿ ಹುಷಾರಿದ್ದಾಳೆ" ಎಂದು ನಗಲು ನೋಡಿದರು. ಏರು ಹತ್ತುವವರೆಗೆ ನಾನು ಜಗಲಿಯಲ್ಲಿ ನಿಂತಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮಗಳನ್ನು ಬೈದೆ. ಮನೆಗೆ ಬಂದವರ ಹತ್ತಿರ ಹಾಗೆ ಮಾತಾಡುವುದಾ ಎಂದು, ಇಷ್ಟು ದೂರ ನೋಡಲು ಬಂದವರು ಎಂದು, ಓದು ಇದನ್ನೇ ಕಲಿಸಿದ್ದಾ ಎಂದು. ಹೊಡೆಯಲು ಎಡಗೈ ಕೂಡ ಎತ್ತಿದೆ. ಅವಳು ಹಿಂದೆ ಸರಿಯಲಿಲ್ಲ.

"ನಾನು ಸುಳ್ಳು ಹೇಳಿದೆನಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ?"

ಕೈ ವಾಸಿಯಾದ ಮೇಲೆ ಆ ಬಸ್ಸಿನಲ್ಲಿ ನಾನೇ ಹೋಗಬೇಕಲ್ಲ ಎಂದು ಹೇಳಿದೆ. ಅವಳು ಟೀಚರು ಉಳಿಸಿದ ಚಾಯವನ್ನು ಒಯ್ದು ಚೆಲ್ಲಿ ಲೋಟ ತೊಳೆದಳು. ಹಲಸಿನ ಗಟ್ಟಿಯನ್ನು ಅವಳು ಮುಟ್ಟಲಿಲ್ಲ. ನಾನು ತಿಂದೆ. ಚೆನ್ನಾಗಿಯೇ ಇತ್ತು.

ಪ್ಲಾಸ್ಟರು ತೆಗೆದು ಕೆಲಸಕ್ಕೆ ಹೊರಟ ದಿನ ಬಸ್ಸಿನಲ್ಲಿ ಆ ಸೀಟು ಖಾಲಿ ಇರುವುದಿಲ್ಲ ಎಂದುಕೊಂಡೇ ಹತ್ತಿದೆ. ಮಧ್ಯಾಹ್ನದ ಕೆಲಸಕ್ಕೆ ಹಾಕುವ ಮೊದಲು ಒಂದು ವಾರ ಆ ಹುಡುಗಿಗೆ ಕೆಲಸ ಹೇಳಿಕೊಡಲು ಬೆಳಿಗ್ಗೆಯೇ ಬರಲು ಹೇಳಿದ್ದರು. ಬ್ಯಾಗು ಅಲ್ಲೇ ಇತ್ತು. ಟೀಚರು ನನ್ನನ್ನು ನೋಡಿ ಅದನ್ನು ಎತ್ತಿದರು. ಮಣಿಕಟ್ಟಿನಲ್ಲಿ ಇನ್ನೂ ಬಲ ಇರಲಿಲ್ಲ, ಮೇಲಿನ ಕಂಬಿ ಹಿಡಿದು ನಿಲ್ಲುವುದು ಸಾಧ್ಯವಿರಲಿಲ್ಲ. ನಾನು ಕೂತೆ.

"ನೋವು ಉಂಟಾ?" ಎಂದರು.

"ಸ್ವಲ್ಪ."

"ಬಿಸಿನೀರು ಹಾಕ್ಬೇಕು."

"ಹಾಕ್ತಾ ಇದ್ದೇನೆ."

ಸುಳ್ಯದವರೆಗೆ ಅಷ್ಟೇ ಮಾತು. ಆ ವಾರದ ಐದು ದಿನವೂ ಅವರು ಸೀಟು ಹಿಡಿದರು, ಐದು ದಿನವೂ ನಾನು ಕೂತೆ. ಹೆಡ್‌ಮಾಸ್ಟರರ ಅನುಕರಣೆ ಇಲ್ಲ, ಬಂಗುಡೆಯ ಕಥೆ ಇಲ್ಲ. ಎದ್ದು ನಿಂತುಬಿಡಬೇಕಿತ್ತು ಎಂದು ಈಗ ಅನಿಸುತ್ತದೆ. ಅವರೂ ಒಂದು ದಿನ ಬ್ಯಾಗನ್ನು ಎತ್ತದೆ ಕೂತಿದ್ದರೆ ಅದಾದರೂ ಒಂದು ಮಾತು ಆಗುತ್ತಿತ್ತು. ಇಬ್ಬರಿಗೂ ಅಷ್ಟು ಧೈರ್ಯ ಇರಲಿಲ್ಲ. ಐದನೇ ದಿನ ಇಳಿಯುವ ಮೊದಲು, ಸೋಮವಾರದಿಂದ ನನ್ನದು ಹನ್ನೊಂದರ ಬಸ್ಸು ಎಂದು ಹೇಳಿದೆ. ಅವರು, "ಓ, ಹೌದಾ?" ಎಂದರು. ಅವರ ಹೆಗಲು ಸಡಿಲಾದದ್ದು ನನಗೆ ತಾಗಿ ಗೊತ್ತಾಯಿತು. ನನ್ನದೂ ಸಡಿಲಾಗಿರಬೇಕು.

ಹನ್ನೊಂದರ ಬಸ್ಸಿನಲ್ಲಿ ಸೀಟು ಧಾರಾಳ. ಮಧ್ಯಾಹ್ನ ಬರುವವರು ಊಟ ಮಾಡಿ ಬಂದವರು, ಅವರಿಗೆ ಅವಸರ ಇಲ್ಲ. ಬೆಳಗಿನ ಹುಡುಗಿ ತೆಗೆದಿಟ್ಟ ರಕ್ತಕ್ಕೆ ನಾನು ಹೆಸರಿನ ಚೀಟಿ ಅಂಟಿಸುತ್ತಿದ್ದೆ. ಒಂದು ವರ್ಷ ಹಾಗೆ ಹೋಗಿ ಬಂದು, ಕೊನೆಗೆ ಪುತ್ತೂರಿನಲ್ಲೇ ಒಂದು ಸಣ್ಣ ಲ್ಯಾಬಿಗೆ ಸೇರಿದೆ. ಈಗ ಬಸ್ಸೇ ಬೇಡ. ಇಳಿಜಾರಿಗೆ ಕಾಂಕ್ರೀಟು ಬಿದ್ದಿದೆ, ಸ್ಕೂಟಿಯಲ್ಲಿ ಮನೆಯಿಂದ ಲ್ಯಾಬಿಗೆ ಕಾಲು ಗಂಟೆ. ದಾರಿ ಸುಲಭವಾದದ್ದು ಮಗಳು ಮನೆ ಬಿಟ್ಟ ಮೇಲೆ.

ಅವಳು ಡಿಗ್ರಿ ಮುಗಿಸಿ ಮಂಗಳೂರಿಗೆ ಓದಲು ಹೋದಳು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ, ಹೊರಗೆ ರೂಮು ನೋಡಬೇಕಾಯಿತು. ನಾನು ಎರಡು ದಿನ ರಜೆ ಹಾಕಿದೆ. "ಒಟ್ಟಿಗೆ ಹೋಗುವ. ಬಸ್ಸು ಎಲ್ಲಿ ಸಿಕ್ತದೆ, ಎಂತ ಅಂತ ನೋಡಿ ಮಾಡುವ" ಎಂದೆ.

"ನೀನು ಬರುದು ಬೇಡ ಉಮ್ಮ" ಎಂದಳು.

"ಯಾಕೆ?"

ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಮನೆ ಕೊಡುವವರು ಎಂತ ಹೇಳಿದ್ರೂ ನೀನು ತೊಂದರೆ ಇಲ್ಲ ಅಂತೀ. ಅದನ್ನು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಒಬ್ಬಳೇ ಹೋದಳು. ಎಷ್ಟು ಮನೆ ನೋಡಿದಳು, ಯಾರು ಏನು ಹೇಳಿದರು, ಅವಳು ಏನು ಉತ್ತರ ಕೊಟ್ಟಳು, ಒಂದನ್ನೂ ನನಗೆ ಹೇಳಲಿಲ್ಲ. ಮೂರನೇ ದಿನ ರೂಮು ಸಿಕ್ಕಿತು ಎಂದು ಮೆಸೇಜು ಹಾಕಿದಳು. ಒಂದು ಮಂಚ, ಒಂದು ಟೇಬಲ್ಲು, ಪಕ್ಕದ ಕಟ್ಟಡದ ಗೋಡೆ ಮಾತ್ರ ಕಾಣುವ ಕಿಟಕಿ ಇರುವ ಫೋಟೋ. ಫೋನು ಮಾಡಿ ಕೇಳಿದೆ, ಕಾಲೇಜಿಗೆ ಹತ್ತಿರವಾ ಎಂದು.

"ಎರಡು ಬಸ್ಸು" ಎಂದಳು. "ಅಭ್ಯಾಸ ಉಂಟಲ್ಲ."